ಬರುವಾಗ ಇಬ್ಬರು

"ಅಂಗಡಿ ತೆರೆದಿದೆ. ಆದರೆ ನಾನು ಮುಚ್ಚಿದ್ದೀನಿ. ನಾಳೆ ಬನ್ನಿ."

ಹಾಗಂದವಳು ಒಂದು ಹಳೆಯ ಲಾರಿ ಟೈರಿನ ಮೇಲೆ ಕೂತಿದ್ದಳು. ಎರಡೂ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಮೊಣಕೈವರೆಗೂ ಕಪ್ಪು. ಸಂಜೆಯ ಬಿಸಿಲು ಬಾಗಿಲಿಂದ ಒಳಗೆ ಬಂದು ಅವಳ ಕಾಲಿನ ಮೇಲೆ ಬಿದ್ದಿತ್ತು. ಕಾಲು ಸರಿಸಿಕೊಳ್ಳುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ.

ಬಾಗಿಲಲ್ಲಿ ನಿಂತವನು ವಾದ ಮಾಡಲಿಲ್ಲ. ಹೆಲ್ಮೆಟ್ ಕಂಕುಳಲ್ಲಿತ್ತು, ಹುಬ್ಬಿನ ತುಂಬ ಧೂಳು.

"ಸರಿ," ಅಂದು ಹೊರಗೆ ಹೋದ.

ಹೋದವನು ಬೈಕ್ ಹತ್ತಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

'ಇವನೇನು ನಾಳೆವರೆಗೂ ಇಲ್ಲೇ ಕೂರ್ತಾನಾ?' ಅವಳು ಸ್ವಲ್ಪ ಹೊತ್ತು ಅವನ ಬೆನ್ನನ್ನೇ ನೋಡಿದಳು.

"ನಾಳೆ ಬನ್ನಿ ಅಂದೆ."

"ಕೇಳಿಸ್ತು. ಎದ್ದು ಹೋಗೋಕೆ ಶಕ್ತಿ ಬಂದ ತಕ್ಷಣ ಹೋಗ್ತೀನಿ."

ಅವಳಿಗೆ ನಗು ಬಂತು. ತುಂಬಾ ದಿನದಿಂದ ಬಾರದಿದ್ದ ನಗು, ದಾರಿ ಮರೆತು ಬಂದ ಹಾಗೆ ಬಂತು. ತನ್ನಷ್ಟೇ ಸೋತಿರುವ ಇನ್ನೊಂದು ಜೀವವನ್ನು ಅವಳು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು.

ಒಳಕೋಣೆಯಿಂದ ಅಪ್ಪನ ದೊಡ್ಡ ದನಿ ಬಂತು. "ಯಾರೇ ಅದು?"

"ಬೈಕಿನವರು ಅಪ್ಪ," ಅಂತ ಕೂಗಿದಳು.

"ಮೈಕಿನವರಾ? ನಮಗ್ಯಾಕೆ ಮೈಕು? ಬೇಡ ಅಂತ ಹೇಳಿ ಕಳಿಸು."

ಮೆಟ್ಟಿಲ ಮೇಲಿದ್ದವನ ಭುಜ ನಗುವಿನಿಂದ ಅಲುಗಿತು. ಆಮೇಲೆ ನಗು ನಿಂತಿತು. ತಿರುಗಿ ಕೇಳಿದ: "ಎಷ್ಟು ವರ್ಷದಿಂದ ಹೀಗೆ?"

"ಏನು ಹೀಗೆ?"

"ಅವರ ಕಿವಿ."

ಅವಳ ಮುಖ ಗಂಟಾಯಿತು. "ನಿಮಗೆ ಟೈರ್ ಬೇಕೋ, ನಮ್ಮಪ್ಪನ ಕಿವಿ ಬೇಕೋ?"

"ಬೇಕಾಗಿರೋದು ಟೈರು. ಆದ್ರೆ ನನ್ನ ಕೆಲಸ ಕಿವಿ." ಅವನು ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿದ. "ಕಿವಿಗೆ ಮೆಷಿನ್ ಹಾಕೋನು ನಾನು. ನಾಳೆ ಬರ್ತೀನಿ."

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಟೈರಕ್ಕ ಅನ್ನುತ್ತಿದ್ದರು. ವಯಸ್ಸಾದವರೂ ಹಾಗೇ ಕರೆಯುತ್ತಿದ್ದರು. ಅಪ್ಪನ ಮಂಡಿ ಕೈಕೊಟ್ಟಾಗ, 'ಸ್ವಲ್ಪ ದಿನ ನಾನು ನೋಡ್ಕೊಳ್ತೀನಿ' ಎಂದು ಅಂಗಡಿಗೆ ಬಂದವಳು ಅವಳು. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಯೇ ಮನೆ. ಜೀವನವಿಡೀ ಕಂಪ್ರೆಸರ್ ಪಕ್ಕದಲ್ಲಿ, ಸುತ್ತಿಗೆ ಏಟಿನ ನಡುವೆ ದುಡಿದ ಅಪ್ಪನ ಕಿವಿ ಮೆಲ್ಲಮೆಲ್ಲಗೆ ಮಂಕಾಗಿತ್ತು. ಈಗ ಅಪ್ಪ ಮಗಳ ನಡುವೆ ಕೂಗಾಟ ಬಿಟ್ಟರೆ ಬೇರೆ ಮಾತು ಉಳಿದಿರಲಿಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಇಷ್ಟು ಕೂಗಿ ಹೇಳುವಷ್ಟರಲ್ಲಿ ಅವಳ ಗಂಟಲು ಸಾಕಪ್ಪಾ ಅನ್ನುತ್ತಿತ್ತು. ಮನಸ್ಸಿನ ಮಾತನ್ನು ಯಾರಾದರೂ ಕೂಗಿ ಹೇಳುತ್ತಾರಾ?

ಮರುದಿನ ಬೆಳಿಗ್ಗೆ ಅವನು ಬಂದ. ಬೈಕಿನ ಟೈರು ಎರಡೂ ಬೋಳು ಬೋಳಾಗಿದ್ದವು.

"ಇದರಲ್ಲಿ ಇಷ್ಟು ದಿನ ಹೇಗೆ ಓಡಾಡಿದ್ರಿ?"

"ಮೆತ್ತಗೆ."

"ಎಲ್ಲಿಗೆ ಹೋಗ್ಬೇಕು ಈಗ?"

"ದೂರ. ಬೆಟ್ಟ ದಾಟಿ, ಆ ಕಡೆ. ಮೊದಲು ಹೆದ್ದಾರಿ. ಆಮೇಲೆ ಕಿತ್ತು ಹೋಗಿರೋ ಟಾರು, ಜಲ್ಲಿ. ಸೇತುವೆ ಕೊಚ್ಚಿಕೊಂಡು ಹೋಗಿದೆ, ಬಸ್ಸು ಅಲ್ಲೇ ನಿಲ್ಲುತ್ತೆ. ಹಳ್ಳದ ಉರುಟು ಕಲ್ಲಿನ ಮೇಲೆ ದಾಟ್ಬೇಕು. ಕೊನೆಗೆ ಕೆಂಪು ಜೇಡಿ ಮಣ್ಣು." ಅವನು ಗೋಡೆಗೆ ನೇತುಹಾಕಿದ್ದ, ಮೈಯೆಲ್ಲ ದಪ್ಪ ದಪ್ಪ ಗುಬುಟು ಎದ್ದಿದ್ದ ಬಟನ್ ಟೈರು ತೋರಿಸಿದ. "ಇದೇ ಕೊಡಿ. ಎರಡಕ್ಕೂ."

"ಇದಾದ್ರೆ ಜೇಡಿಯಲ್ಲಿ ಚೆನ್ನಾಗಿ ಹಿಡಿಯುತ್ತೆ. ಆದ್ರೆ ಜೇಡಿ ಸಿಗೋದು ಯಾವಾಗ?"

"ಕೊನೆಗೆ."

"ಅಷ್ಟರಲ್ಲಿ ಬಿಸಿ ಟಾರಿನ ಮೇಲೆ ಈ ಬಟನ್ ಎಲ್ಲ ಸವೆದು ಹೋಗಿರುತ್ತೆ. ತಿರುವಿನಲ್ಲಿ ಬಗ್ಗಿಸಿದ್ರೆ ಜಾರುತ್ತೆ ಬೇರೆ. ಮುಕ್ಕಾಲು ದಾರಿ ಟಾರು, ಕಾಲು ದಾರಿ ಕಷ್ಟ. ಯಾವುದನ್ನ ನಂಬಿ ಟೈರ್ ಹಾಕೋದು?"

"ಕಷ್ಟದ್ದನ್ನ," ಅಂದ ಅವನು, ಒಂದಿಷ್ಟೂ ಯೋಚಿಸದೆ.

ಅವಳು ಅವನ ಮುಖ ನೋಡಿದಳು. ಆ ಉತ್ತರ ಟೈರಿನ ಬಗ್ಗೆ ಮಾತ್ರ ಅಲ್ಲವೇನೋ ಅನ್ನಿಸಿತು.

"ಎರಡನ್ನೂ ನಂಬಬೇಕಾಗುತ್ತೆ," ಅಂದಳು. ಈ ಸಲ ದನಿ ಮೆತ್ತಗಿತ್ತು. "ಮುಂದಿನ ಟೈರು ದಾರಿ ಹುಡುಕ್ಬೇಕು. ಅದಕ್ಕೆ ಕಲ್ಲಲ್ಲಿ ಹಿಡಿಯೋ ಥರದ್ದು ಹಾಕೋಣ. ಹಿಂದಿನದು ಭಾರ ಹೊರ್ಬೇಕು. ಅದಕ್ಕೆ ಎರಡೂ ದಾರಿಗೆ ಹೊಂದೋ ಮಿಶ್ರ ಪಟ್ಟಿಯದ್ದು. ನನ್ನ ಹತ್ರ ಈಗ ಇಲ್ಲ, ತರಿಸ್ಬೇಕು. ನಿಮಗೆ ಅವಸರ ಇದ್ಯಾ?"

ಅವನು ಬೀದಿಯ ಕಡೆ ನೋಡಿದ. "ಇದೆ. ಆದ್ರೆ ಅರ್ಧ ದಾರಿಯಲ್ಲಿ ಬಿದ್ರೆ ಆ ಅವಸರಕ್ಕೆ ಏನರ್ಥ... ತರಿಸಿ."

ಟೈರು ಬರುವವರೆಗೂ ಅವನು ದಿನಾ ಸಂಜೆ ಬರತೊಡಗಿದ. ಬಂತಾ ಅಂತ ಕೇಳುವ ನೆಪ. ಇಲ್ಲ ಅಂದರೂ ಹೋಗುತ್ತಿರಲಿಲ್ಲ. ಟೀ ಅಂಗಡಿಯಿಂದ ಎರಡು ಲೋಟ ತರುತ್ತಿದ್ದ. ಇಬ್ಬರೂ ಕುಡಿಯುತ್ತಾ ಕೂರುತ್ತಿದ್ದರು, ಮಾತು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

"ದಿನವಿಡೀ 'ಕೇಳಿಸ್ತಾ, ಈಗ ಕೇಳಿಸ್ತಾ' ಅಂತ ಕೇಳಿ ಕೇಳಿ, ಮನೆಗೆ ಹೋದ್ರೆ ಬೀಗ ತೆಗೆಯೋ ಸದ್ದು ಬಿಟ್ಟು ಇನ್ನೇನೂ ಇರಲ್ಲ," ಅಂತ ಒಂದು ದಿನ ಹೇಳಿದ. "ಅದಕ್ಕೆ ಇಲ್ಲಿ ಬಂದು ಕೂರ್ತೀನಿ. ಬೇಜಾರಾ?"

"ಟೀ ತರ್ತೀರಲ್ಲ. ಪರವಾಗಿಲ್ಲ."

ಹಾಗಂದಳು. ಆದರೆ ಬೈಕಿನ ಸದ್ದು ಬೀದಿ ತಿರುವಿನಲ್ಲಿ ಕೇಳಿಸುವ ಮೊದಲೇ ಕೈ ತೊಳೆದುಕೊಳ್ಳುವುದು ಅವಳಿಗೆ ಯಾವಾಗ ಅಭ್ಯಾಸವಾಯಿತೋ ಅವಳಿಗೇ ಗೊತ್ತಿರಲಿಲ್ಲ.

ದಾರಿಯಲ್ಲಿ ಪಂಕ್ಚರ್ ಆದರೆ ಗತಿಯೇನು ಅಂತ ಅವಳು ಅವನಿಗೆ ಟೈರು ಬಿಚ್ಚುವುದನ್ನು ಹೇಳಿಕೊಟ್ಟಳು. ಅವನು ಬೆರಳು ಜಜ್ಜಿಕೊಂಡ, ಟ್ಯೂಬನ್ನು ರಿಮ್ಮಿಗೆ ಸಿಕ್ಕಿಸಿ ತೂತು ಮಾಡಿದ, ಮತ್ತೆ ಬಿಚ್ಚಿದ. ಅದಕ್ಕೆ ಪ್ರತಿಯಾಗಿ ಒಂದು ದಿನ ಕಿವಿ ಪರೀಕ್ಷೆಯ ಪೆಟ್ಟಿಗೆ ತಂದು ಅವಳ ಅಪ್ಪನ ಎದುರು ಕೂತ. ಅಪ್ಪ ಮೊದಲು ಒಪ್ಪಲಿಲ್ಲ.

"ನನಗೇನೂ ಆಗಿಲ್ಲ. ಜನ ಈಗ ಮೆತ್ತಗೆ ಮಾತಾಡ್ತಾರೆ, ಅಷ್ಟೇ," ಅಂದರು.

ಅವನು ಜಗ್ಗಲಿಲ್ಲ. ಪರೀಕ್ಷೆ ಮಾಡಿದ, ಅಳತೆ ತೆಗೆದ, ಇನ್ನೊಂದು ದಿನ ಚಿಕ್ಕ ಮೆಷಿನ್ ತಂದು ಅಪ್ಪನ ಕಿವಿಗೆ ಕೂರಿಸಿದ. ಅಪ್ಪ ಬೆಚ್ಚಿಬಿದ್ದು ಸುತ್ತ ನೋಡಿದರು. ಫ್ಯಾನಿನ ಕಿರಿಕಿರಿ, ಹೊರಗೆ ಯಾರದೋ ಚಪ್ಪಲಿ, ನಲ್ಲಿಯ ತೊಟ್ಟು...

"ನೀವು ಮಾತಾಡಿ," ಅಂತ ಅವನು ಅವಳಿಗೆ ಹೇಳಿದ. "ಕೂಗ್ಬೇಡಿ. ಸುಮ್ನೆ ಮಾತಾಡಿ."

ಅವಳಿಗೆ ಇಷ್ಟು ವರ್ಷ ಕೂಗಿ ಕೂಗಿ, ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು.

"ಅಪ್ಪ... ಊಟ ಮಾಡ್ತೀಯಾ?"

ಅಪ್ಪ ಬಹಳ ಹೊತ್ತು ಅವಳನ್ನೇ ನೋಡಿದರು. "ನಿನ್ನ ದನಿ ಇಷ್ಟು ಸೋತು ಹೋಗಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಮಗಳೇ," ಅಂದರು.

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತಳು. ಈಗ ಅಪ್ಪನಿಗೆ ಕೇಳಿಸುತ್ತದಲ್ಲ.

ಆ ದಿನದಿಂದ ತನ್ನ ಮನಸ್ಸು ಅವನ ಕಡೆ ಹೋಗುವುದನ್ನು ತಡೆಯುವ ಕೆಲಸವನ್ನೇ ಅವಳು ಬಿಟ್ಟಳು.

ಮುಂದಿನ ಟೈರು ಬಂತು. ಹಿಂದಿನದಕ್ಕೆ ಎರಡು ಬಗೆ ಇವೆ, ಯಾವುದು ಕಳಿಸಲಿ ಅಂತ ಸಗಟು ಅಂಗಡಿಯವರು ಫೋನ್ ಮಾಡಿದರು. ಒಂದು ಹಗುರ, ಇನ್ನೊಂದು ಹೆಚ್ಚು ಭಾರ ತಡೆಯುವಂಥದ್ದು. ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ತಾನು ಕೇಳಿಲ್ಲ ಅಂತ ಅವಳಿಗೆ ಆಗ ಹೊಳೆಯಿತು.

ಸಂಜೆ ಕೇಳಿದಳು. "ಗಾಡಿ ಮೇಲೆ ಎಷ್ಟು ಜನ?"

ಟೀ ಲೋಟ ತುಟಿಯ ಹತ್ತಿರವೇ ನಿಂತಿತು. "ಹೋಗುವಾಗ ಒಬ್ಬ," ಅಂದ. ಲೋಟ ಇಳಿಸಿ, "ಬರುವಾಗ ಇಬ್ಬರು ಆಗಬಹುದು. ಅವಳು ಬರ್ತೀನಿ ಅಂದ್ರೆ."

ಅವಳು.

"ಬರಲ್ಲ ಅನ್ನಬಹುದಾ?"

"ಗೊತ್ತಿಲ್ಲ. ಒತ್ತಾಯ ಮಾಡೋಕೆ ಆಗಲ್ಲ. ಮನಸ್ಸು ಮಾಡ್ಬೇಕಾದವಳು ಅವಳೇ. ಅದಕ್ಕೇ ಯಾರ ಹತ್ರಾನೂ ಈ ವಿಷಯ ಮಾತಾಡಿಲ್ಲ. ನೀವೂ..."

"ನಾನ್ಯಾಕೆ ಮಾತಾಡ್ಲಿ," ಅಂದಳು. ಲೋಟ ಕೆಳಗಿಟ್ಟು ಎದ್ದಳು. "ಒಳಗೆ ಕೆಲಸ ಇದೆ."

ಕೆಲಸ ಏನೂ ಇರಲಿಲ್ಲ. ಒಳಗೆ ಹೋಗಿ ಟ್ಯೂಬುಗಳ ರಾಶಿಯ ಮುಂದೆ ನಿಂತಳು. 'ನನಗೇನು ಹಕ್ಕಿದೆ? ಅವನೇನು ಮಾತು ಕೊಟ್ಟಿದ್ದನಾ? ಟೀ ತಂದು ಕೊಟ್ಟ, ಕುಡಿದೆ. ಅಷ್ಟೇ.' ಅಷ್ಟೇ ಅಂತ ಎಷ್ಟು ಸಲ ಹೇಳಿಕೊಂಡರೂ ಎದೆಯ ಭಾರ ಇಳಿಯಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಟ್ಟಿಗೂ ಶಕ್ತಿ ಬೇಕಲ್ಲ.

ಹೆಚ್ಚು ಭಾರ ತಡೆಯುವ ಟೈರನ್ನೇ ತರಿಸಿದಳು.

ಅವನು ಹೊರಡುವ ದಿನ ಎರಡೂ ಚಕ್ರಗಳನ್ನು ಅವಳೇ ಕೂರಿಸಿದಳು. ರಿಮ್ಮಿನ ತುಕ್ಕು ಉಜ್ಜಿದಳು. ಟ್ಯೂಬಿಗೆ ಪೌಡರ್ ಸವರಿದಳು. ಚಕ್ರ ತಿರುಗಿಸಿ ಕಣ್ಣಿನ ಮಟ್ಟಕ್ಕೆ ಬಗ್ಗಿ, ಎಲ್ಲಾದರೂ ಓಲಾಡುತ್ತಾ ಅಂತ ನೋಡಿದಳು. ಹಿಂದೆ ಕೂರುವವಳು ಯಾರೇ ಆಗಲಿ, ತನ್ನ ಕೈಯಿಂದ ಆದ ಕೆಲಸದಿಂದ ಅವಳು ಬೀಳಬಾರದು. ಆ ಹೆಣ್ಣಿನ ಮೇಲೆ ಹೊಟ್ಟೆಕಿಚ್ಚು ಬಂದರೂ ಕೈ ಮಾತ್ರ ಮೋಸ ಮಾಡಲಿಲ್ಲ.

"ಟಾರಿನ ಮೇಲೆ ಪೂರ್ತಿ ಗಾಳಿ. ಜಲ್ಲಿ ಶುರುವಾದ ಮೇಲೆ ಸ್ವಲ್ಪ ಇಳಿಸಿ. ಬರುವಾಗ... ಹಿಂದೆ ಜಾಸ್ತಿ ಗಾಳಿ ಇರಲಿ."

"ನೀವು ನನ್ನ ಮೇಲೆ ಬೇಜಾರಾಗಿದ್ದೀರಾ?"

"ಇಲ್ಲ. ಸುಸ್ತು."

ಅದು ಸುಳ್ಳೂ ಆಗಿರಲಿಲ್ಲ. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಬೆನ್ನು ತಿರುಗಿಸಿದ್ದಳು.

ಆಮೇಲಿನ ಸಂಜೆಗಳು ಬಹಳ ಉದ್ದವಾದವು. ಬೈಕಿನ ಸದ್ದು ಕೇಳಿದಾಗೆಲ್ಲ ಕೈ ತೊಳೆಯಲು ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಅಪ್ಪ ಎಲ್ಲವನ್ನೂ ನೋಡುತ್ತಿದ್ದರು.

"ಆ ಕಿವಿಯವನು ಫೋನ್ ಮಾಡಿದ್ನಾ?"

"ಯಾಕೆ ಮಾಡ್ಬೇಕು?"

"ಮೆಷಿನ್ ಹಾಕ್ಕೊಂಡ ಮೇಲೆ ನನಗೆ ಒಂದು ಗೊತ್ತಾಗಿದೆ," ಅಂದರು ಅಪ್ಪ. "ನೀನು ಸುಳ್ಳು ಹೇಳುವಾಗ ಮೂಗಲ್ಲಿ ಮಾತಾಡ್ತೀಯ."

ಅವಳಿಗೆ ನಗಲೂ ಆಗಲಿಲ್ಲ.

ಒಂದು ಮಧ್ಯಾಹ್ನ ಅವಳು ಒಂದು ಕಾರಿನ ಚಕ್ರ ಬಿಚ್ಚುತ್ತಿದ್ದಾಗ ಫೋನ್ ಬಡಿದುಕೊಂಡಿತು. ಅವನೇ.

"ಹಿಂದಿನ ಟೈರು ಪಕ್ಕದಲ್ಲಿ ಹರಿದು ಹೋಗಿದೆ," ಅಂದ. ಉಸಿರು ಏರಿಳಿಯುತ್ತಿತ್ತು. "ಹಳ್ಳದಲ್ಲಿ ಒಂದು ಚೂಪು ಕಲ್ಲು. ಬೆರಳು ಒಳಗೆ ಹೋಗೋಷ್ಟು ಹರಿದಿದೆ. ಟ್ಯೂಬ್ ಹೊರಗೆ ಕಾಣ್ತಿದೆ. ಇಲ್ಲಿ ಯಾರೂ ಇಲ್ಲ. ಮೋಡ ಬೇರೆ ಕಟ್ತಿದೆ. ನೀರು ಏರಿದ್ರೆ..."

ಅವಳ ಕೈಯಿಂದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು. 'ನಾನು ಆರಿಸಿದ ಟೈರು. ಭಾರ ತಡೆಯುತ್ತೆ ಅಂತ ನಾನೇ ಹೇಳಿದ್ದು.'

"ಬಿದ್ರಾ?" ಅಂತ ಮಾತ್ರ ಕೇಳಿದಳು.

"ಇಲ್ಲ. ಓಲಾಡ್ತು, ಆದ್ರೆ ನಿಂತ್ಕೊಂಡ್ತು."

"ಸರಿ. ಮೊದಲು ಗಾಡಿಯನ್ನ ಹಳ್ಳದಿಂದ ಮೇಲೆ ತಳ್ಳಿ. ಚಕ್ರ ಬಿಚ್ಚಿ. ನಾನು ಫೋನ್ ಇಡಲ್ಲ."

ಅವನು ಫೋನನ್ನು ಎಲ್ಲೋ ಕೆಳಗಿಟ್ಟಿರಬೇಕು. ಏದುಸಿರು, ಕಬ್ಬಿಣದ ಸದ್ದು, ನೀರು ಹರಿಯುವ ಸದ್ದು ಕೇಳಿಸುತ್ತಿದ್ದವು. ಆ ಸದ್ದುಗಳ ನಡುವೆ ಒಂದು ಹೆಣ್ಣು ದನಿ ಬಂತು. ಅತ್ತು ಅತ್ತು ಒಣಗಿದ ದನಿ.

"ಅಣ್ಣಾ, ನಾನು ಹಿಡ್ಕೋತೀನಿ. ನೀನು ಬಿಚ್ಚು."

ಅಣ್ಣ.

ಅವಳು ಕಾರಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಎಷ್ಟೋ ದಿನದಿಂದ ಹೊತ್ತುಕೊಂಡಿದ್ದ ಭಾರ ಅಷ್ಟು ಚಿಕ್ಕ ಒಂದು ಪದಕ್ಕೆ ಇಳಿದುಹೋಯಿತು. ಅದರ ಹಿಂದೆಯೇ ನಾಚಿಕೆ ಬಂತು. 'ತಂಗಿಯನ್ನ ಕರೆತರೋಕೆ ಹೋದವನಿಗೆ ಬೆನ್ನು ತೋರಿಸಿ ಕಳಿಸಿದೆನಲ್ಲ...'

"ಟ್ಯೂಬ್ ಹೊರಗೆ ಬಂತು," ಅಂದ ಅವನು.

"ಪ್ಯಾಚ್ ಹಾಕಿ. ಆಮೇಲೆ ಟೈರಿನ ಒಳಗಡೆ, ಹರಿದಿರೋ ಜಾಗಕ್ಕೆ ಏನಾದ್ರೂ ಗಟ್ಟಿಯಾದದ್ದು ಅಡ್ಡ ಇಡ್ಬೇಕು. ಇಲ್ಲದಿದ್ರೆ ಟ್ಯೂಬ್ ಮತ್ತೆ ಹೊರಗೆ ಉಬ್ಬುತ್ತೆ. ದಪ್ಪ ಚರ್ಮ ಇದ್ಯಾ? ಬೆಲ್ಟು?"

"ನನ್ನದು ಬಟ್ಟೆ ಬೆಲ್ಟು."

ಅವನ ಹಿಂದಿನಿಂದ ದನಿ ಬಂತು. "ಅಣ್ಣ, ಈ ಕೈಚೀಲ ಆಗುತ್ತಾ ಕೇಳು. ಚರ್ಮದ್ದೇ."

"ಅದು ನಿನ್ನ ಮದುವೆಯದ್ದಲ್ವಾ?"

"ಗಂಡನ ಮನೆಯವರು ಕೊಟ್ಟಿದ್ದು. ಕತ್ತರಿಸು."

ಚರ್ಮ ಹರಿಯುವ ಸದ್ದು ಕೇಳಿಸಿತು.

"ಎರಡು ಪದರ ಇಡಿ," ಅಂದಳು ಟೈರಕ್ಕ. "ಮೇಲೆ ಟ್ಯೂಬ್. ಗಾಳಿ ಪೂರ್ತಿ ಬೇಡ. ನಿಧಾನ ಬನ್ನಿ. ಗುಂಡಿ ಬಂದ ಕಡೆ ತಂಗೀನ ಇಳಿಸಿ ನಡೆಸಿ. ಮೊದಲು ಸಿಗೋ ಊರಲ್ಲಿ ಟೈರ್ ಬದಲಾಯಿಸಿ. ಸಿಕ್ಕಿದ್ದು ಹಾಕಿಸ್ಕೊಳ್ಳಿ, ಆರಿಸೋಕೆ ಹೋಗ್ಬೇಡಿ." ಆಮೇಲೆ ಅಂದಳು: "ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಏನು ಅಂದ್ಕೊಂಡಿದ್ರಿ?"

"ಬಂದ ಮೇಲೆ ಹೇಳ್ತೀನಿ. ಬನ್ನಿ."

ಅವರು ಬಂದದ್ದು ಮರುದಿನ ಮಧ್ಯಾಹ್ನ. ಇಬ್ಬರ ಮೈಮೇಲೂ ಒಂದೇ ಬಣ್ಣದ ಕೆಸರು. ತಂಗಿ ಬೈಕಿನಿಂದ ಇಳಿದು, ಎಲ್ಲಿ ನಿಲ್ಲಬೇಕೋ ತಿಳಿಯದೆ ನಿಂತಳು. ಕೈಯಲ್ಲಿ ಒಂದು ಬಟ್ಟೆಗಂಟು, ಕೆನ್ನೆಯ ಮೇಲೆ ಮಾಸುತ್ತಿದ್ದ ಒಂದು ನೀಲಿ ಗುರುತು. ಟೈರಕ್ಕ ಏನೂ ಕೇಳಲಿಲ್ಲ. ಬಿಸಿನೀರು ಕಾಯಿಸಿದಳು, ತನ್ನ ಬಟ್ಟೆ ಕೊಟ್ಟಳು, ಊಟ ಬಡಿಸಿದಳು. ಅಪ್ಪ ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟು, "ಮಲಗಮ್ಮ. ಇಲ್ಲಿ ಯಾರೂ ಎಬ್ಬಿಸಲ್ಲ," ಅಂದರು. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಕ್ಷಣದಲ್ಲೇ ನಿದ್ದೆ ಹೋದಳು.

ಅಂಗಡಿಯ ಹಿಂಬದಿ ಅಂಗಳದಲ್ಲಿ ಒಂದು ಹಳೆಯ ಬೆಂಚು ಇತ್ತು. ಅವರಿಬ್ಬರೂ ಅಲ್ಲಿ ಕೂತರು.

"ಪಕ್ಕದ ಮನೆಯವರ ಫೋನಿಂದ ಕರೆ ಮಾಡಿದ್ಲು," ಅಂದ ಅವನು. "'ಅಣ್ಣ, ಒಂದ್ಸಲ ಬಂದು ಹೋಗು' ಅಂತ ಅಷ್ಟೇ ಹೇಳಿದ್ದು. ಮದುವೆ ಆದಾಗಿಂದ ಒಂದು ಸಲವೂ ಹಾಗೆ ಕರೆದವಳಲ್ಲ. ಒಂದು ವೇಳೆ ಅವಳು ಅಲ್ಲೇ ಇರ್ತೀನಿ ಅಂದ್ರೆ, ಅವಳ ವಿಷಯ ನಾಲ್ಕು ಜನರ ಬಾಯಿಗೆ ಬೀಳ್ಬಾರದು ಅಂತ ಸುಮ್ನಿದ್ದೆ. ನಿಮಗಾದ್ರೂ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು," ಅಂದಳು ಅವಳು. "ನಾನೂ ಕೇಳ್ಬೇಕಿತ್ತು. ನೀವು ಮದುವೆ ಆಗೋ ಹುಡುಗೀನ ಕರೆತರೋಕೆ ಹೋಗ್ತಿದ್ದೀರಿ ಅಂದ್ಕೊಂಡಿದ್ದೆ."

ಅವನು ತಿರುಗಿ ನೋಡಿದ. "ಅದಕ್ಕೆ ಅವತ್ತು..."

"ಹೌದು."

"ಅಂದ್ರೆ ನಿಮಗೆ..."

"ಹೌದು ಅಂದೆನಲ್ಲ. ಇನ್ನೆಷ್ಟು ಸಲ ಹೇಳ್ಬೇಕು?"

ಅವನು ಕೆಸರು ಒಣಗಿದ ಕೈಯಿಂದ ಮುಖ ಒರೆಸಿಕೊಂಡ. ಮುಖದ ಮೇಲೆ ಇನ್ನಷ್ಟು ಕೆಸರಾಯಿತು.

"ಆ ಹಳ್ಳದಲ್ಲಿ ಫೋನ್ ತೆಗೆದಾಗ," ಅಂದ ಮೆಲ್ಲಗೆ, "ಟೈರ್ ಬಗ್ಗೆ ಕೇಳೋಕೆ ಅಂತಲೇ ಕರೆ ಮಾಡಿದ್ದು. ಆದ್ರೆ ನಿಮ್ಮ ದನಿ ಕೇಳಿದ ಮೇಲೆ ಟೈರ್ ಸರಿಹೋಗದಿದ್ರೂ ಮನೆ ಸೇರ್ತೀನಿ ಅನ್ನಿಸ್ತು. ನನಗೆ ನೀವು ಬೇಕು."

ಅವಳ ಎದೆ ತುಂಬಿ ಬಂದಿತ್ತು. ಆದರೆ ಅದರ ಜೊತೆಗೇ ಒಂದು ಭಯವೂ ಇತ್ತು. ಅದನ್ನು ಹೇಳದೆ ಮುಂದೆ ಹೋಗುವುದು ಅವಳಿಂದ ಆಗುತ್ತಿರಲಿಲ್ಲ.

"ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಅಪ್ಪ ಇದ್ದಾರೆ, ಅಂಗಡಿ ಇದೆ. ಇನ್ನೊಬ್ಬರನ್ನ ನೋಡ್ಕೊಳ್ಳೋಕೆ ನನ್ನಲ್ಲಿ ಏನೂ ಉಳಿದಿಲ್ಲ. ಬಿಸಿ ಬಿಸಿ ಬಡಿಸ್ತಾ, ನಗ್ತಾ ಇರೋ ಹೆಂಡತಿ ಬೇಕು ಅಂದ್ರೆ ಅದು ನಾನಲ್ಲ."

"ನನಗೆ ಬಡಿಸ್ಕೊಳ್ಳೋಕೆ ಬರುತ್ತೆ. ನಿಮಗೂ ಬಡಿಸ್ತೀನಿ. ಅಪ್ಪನ ಮಂಡಿಗೆ ಎಣ್ಣೆ ಹಚ್ಚೋದು, ಮಾತ್ರೆ ಕೊಡೋದು ನಾನು ಮಾಡ್ತೀನಿ. ನಿಮ್ಮಪ್ಪ ನನ್ನ ಮಾತು ಕೇಳ್ತಾರೆ. ಅರ್ಧ ವಾರ ನಾನು ಮೆಷಿನ್ ಕೆಲಸಕ್ಕೆ ಊರೂರು ಸುತ್ತುತ್ತಾ ಇರ್ತೀನಿ, ಅದನ್ನ ತಪ್ಪಿಸೋಕೆ ಆಗಲ್ಲ. ಉಳಿದ ಅರ್ಧ ನಿಮ್ಮ ಪಕ್ಕ ಇರ್ತೀನಿ. ಸುಸ್ತಾಗಿದ್ರೆ ಇಬ್ಬರೂ ಸುಮ್ನೆ ಕೂರೋಣ."

"ತಂಗಿ?"

"ಅವಳಿಗೆ ಏನು ಬೇಕು ಅಂತ ಅವಳು ಎದ್ದ ಮೇಲೆ ಕೇಳೋಣ. ಇಬ್ಬರೂ ಕೂತು."

'ಇಬ್ಬರೂ' ಅಂದದ್ದು ಅವಳ ಒಳಗೆ ಎಲ್ಲೋ ಮೆತ್ತಗೆ ಹೋಗಿ ಕೂತಿತು. ಇಷ್ಟು ವರ್ಷ ಯಾವ ತೀರ್ಮಾನಕ್ಕೂ ಅವಳ ಜೊತೆಗೆ ಇನ್ನೊಬ್ಬರು ಇರಲಿಲ್ಲ.

ಅವಳು ಅವನ ಕೈ ಹಿಡಿದಳು. ಒಂದು ಕೈಗೆ ಗ್ರೀಸು, ಇನ್ನೊಂದಕ್ಕೆ ಕೆಸರು. ತಲೆ ತಾನಾಗಿ ಅವನ ಭುಜಕ್ಕೆ ವಾಲಿತು. ಕಣ್ಣು ಮುಚ್ಚಿಕೊಳ್ಳುತ್ತಿತ್ತು.

"ಒಪ್ಪಿಗೆನಾ?" ಅಂತ ಅವನು ಕೇಳಿದ.

"ನನಗೆ ನಿದ್ದೆ ಬರ್ತಿದೆ... ಎದ್ದ ಮೇಲೂ ನೀನು ಇಲ್ಲೇ ಇದ್ರೆ, ಒಪ್ಪಿಗೆ."

'ನೀನು' ಅಂದದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

"ಇರ್ತೀನಿ," ಅಂದ. "ಮಲಗು."